ಆ ದಶಕದ ಅತಿ ಕೆಟ್ಟ ನಟಿ

"ಹೊಡೀರಿ! ಇನ್ನೊಂದ್ಸಲ ಹೊಡೀರಿ! ಆದ್ರೆ ಮಗೂನ ಮಾತ್ರ ನನಗೆ ಬಿಟ್ಬಿಡಿ...!"

ಟೈಪ್‌ರೈಟರ್ ಮೇಲಿನ ಹೊದಿಕೆಯನ್ನು ತಲೆಗೆ ಸುತ್ತಿಕೊಂಡು, ತುಟಿಯನ್ನು ಎಡಕ್ಕೆ ಸೊಟ್ಟಗೆ ಎಳೆದು, ಕಣ್ಣುಗುಡ್ಡೆ ಮೇಲೆ ತೇಲಿಸಿ ಅವನು ಕಿರುಚಿದ ರೀತಿಗೆ ಕೋಣೆಯಲ್ಲಿದ್ದ ಹದಿನೈದು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಗಷ್ಟೇ ಒಳಗೆ ಬರುತ್ತಿದ್ದ ಅವಳು ಬಾಗಿಲಲ್ಲೇ ನಿಂತಳು.

ಆ ದೃಶ್ಯ ಅವಳಿಗೆ ಗೊತ್ತು. ಆ ನಟಿಯೂ ಗೊತ್ತು. ಬೆಳಿಗ್ಗೆ ತಾನೇ ಆ ನಟಿಗೆ ತಿಂಡಿ ಕೊಟ್ಟು, ಬಿ.ಪಿ. ಮಾತ್ರೆ ನುಂಗಿಸಿ ಬಂದಿದ್ದಳು.

ಅವಳ ಅಮ್ಮ!

ವಾಪಸ್ ಹೋಗಬಹುದಿತ್ತು... 'ನಿಲ್ಲಿಸ್ರೀ' ಎಂದು ಕೂಗಬಹುದಿತ್ತು... ಎರಡನ್ನೂ ಮಾಡಲಿಲ್ಲ. ಅವಳು ನಕ್ಕಳು. ಎಲ್ಲರಿಗಿಂತ ಜೋರಾಗಿ, ಕೊನೆಯಲ್ಲಿ ಬಿಕ್ಕಳಿಕೆಯಂತೆ ಮುರಿಯುವ ತನ್ನ ಆ ವಿಚಿತ್ರ ನಗೆ.

ಅದು ಹಳೆಯ ಅಭ್ಯಾಸ. ಶಾಲೆಯಲ್ಲಿ ಹುಡುಗಿಯರು ಇದೇ ದೃಶ್ಯವನ್ನು ಅಣಕಿಸುತ್ತಿದ್ದರು. ಮೊದಲ ಸಲ ಅತ್ತಿದ್ದಳು. ಅತ್ತಷ್ಟೂ ಕಾಡಿದರು. ಎರಡನೇ ಸಲ ತಾನೇ ಮೊದಲು ನಕ್ಕುಬಿಟ್ಟಳು... ಅವರು ಸುಮ್ಮನಾದರು. ಅಂದಿನಿಂದ ಆ ನಗೆ ಅವಳಿಗೆ ಅಂಟಿಕೊಂಡಿತ್ತು.

ಅವನು ಹೊದಿಕೆ ತೆಗೆದು ಅವಳ ಕಡೆ ನೋಡಿದ.

"ಅಬ್ಬಾ! ಇಷ್ಟು ಚೆನ್ನಾಗಿ ನಗೋರು ಇಷ್ಟು ದಿನ ಎಲ್ಲಿದ್ರಿ?"

ಅವಳ ಕೆನ್ನೆ ಬಿಸಿಯಾಯಿತು. ನಾಚಿಕೆಗೋ, ಅವಮಾನಕ್ಕೋ... ಅವಳಿಗೇ ತಿಳಿಯಲಿಲ್ಲ.

ಪ್ರತಿ ಭಾನುವಾರ ಹತ್ತು ಗಂಟೆಗೆ, ಟೈಪಿಂಗ್ ಶಾಲೆಯ ಮಹಡಿಯ ಆ ಕೋಣೆಯಲ್ಲಿ ಸಿನಿಮಾ ಹುಚ್ಚರ ಸಂಘ ಸೇರುತ್ತಿತ್ತು. ಆ ವರ್ಷ ಅವರು ಎತ್ತಿಕೊಂಡಿದ್ದು ಎಂಬತ್ತರ ದಶಕ. ದಶಕದ ಅತ್ಯುತ್ತಮ ಚಿತ್ರ ಯಾವುದು, ಹಾಡು ಯಾವುದು, ಖಳನಾಯಕ ಯಾರು... ವಾರಕ್ಕೊಂದು ಜಗಳ. ಕೊನೆಗೆ, ಮಜಾಕ್ಕೆಂದು, 'ದಶಕದ ಅತಿ ಕೆಟ್ಟ ನಟನೆ'ಗೂ ಮತದಾನ.

ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಸಮಾರಂಭಗಳ ವಿಡಿಯೊ ಎಡಿಟ್ ಮಾಡುವುದು ಅವನ ಕಸುಬು. ಕಂಡ ಸಿನಿಮಾವನ್ನೆಲ್ಲ ಕಡಿದು ಗುಡ್ಡೆ ಹಾಕುವುದು ಚಟ. ಸಂಘದ ಮಾತುಕತೆಯನ್ನೆಲ್ಲ ಮೂಲೆಯ ಕ್ಯಾಮೆರಾದಲ್ಲಿ ಹಿಡಿದಿಡುತ್ತಿದ್ದವನೂ ಅವನೇ. ಅವತ್ತಿನ ಅಣಕವನ್ನೂ ಆ ಕ್ಯಾಮೆರಾ ಹಿಡಿದಿತ್ತು.

ಅವಳು ದಂತವೈದ್ಯರೊಬ್ಬರ ಲ್ಯಾಬಿನಲ್ಲಿ ಕಟ್ಟು ಹಲ್ಲು ಮಾಡುತ್ತಿದ್ದಳು. ಮೇಣದಲ್ಲಿ ಅಚ್ಚು, ಉಗುರಿನಷ್ಟು ಚಿಕ್ಕ ಅರ, ದಿನವಿಡೀ ತಲೆ ಬಗ್ಗಿಸಿದ ಕೆಲಸ. ಭಾನುವಾರವೊಂದೇ ತಲೆ ಎತ್ತುವ ದಿನ.

"ಎಂಬತ್ತರ ದಶಕ ಅಂದ್ರೆ ನಾಯಕರ ಕಾಲ ಕಣ್ರೀ!" ಎಂದು ನಿವೃತ್ತ ಪೋಸ್ಟ್‌ಮಾಸ್ತರರು ಬೆಂಚು ಗುದ್ದುತ್ತಿದ್ದರು. "ನಮ್ಮ ಹೀರೊ ಒಂದೇಟು ಕೊಟ್ರೆ ಥಿಯೇಟರೇ ಎದ್ದು ನಿಲ್ತಿತ್ತು!"

"ಏಟು ತಿನ್ನೋರು ಯಾರು ಅಂತ ನೋಡಿದ್ದೀರಾ ಮಾಸ್ತರೇ?" ಅವಳು ಕೇಳಿದಳು. "ಅರ್ಧಕ್ಕರ್ಧ ಹೆಂಗಸರೇ."

"ಪಾಯಿಂಟ್!" ಎಂದ ಕತ್ತರಿ ಮೇಜು ಕುಟ್ಟಿ.

ಆ ಒಂದು ಮಾತಿಗೆ ಅವನಿಗೆ ಅವಳು ಇಷ್ಟವಾದಳು. ಸಭೆ ಮುಗಿದ ಮೇಲೆ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದ. ಮುಂದಿನ ವಾರವೂ. ಅದರ ಮುಂದಿನ ವಾರ ಬಸ್ಸು ಬಂದರೂ ಅವಳು ಹತ್ತಲಿಲ್ಲ...

ನಾಲ್ಕು ತಿಂಗಳಲ್ಲಿ 'ನೀವು' ಹೋಗಿ 'ನೀನು' ಬಂತು.

"ನಿಮ್ಮಮ್ಮನ್ನ ಯಾವಾಗ ತೋರಿಸ್ತೀಯಾ?"

"ಅಮ್ಮನಿಗೆ ಸಿನಿಮಾ ಅಂದ್ರೆ ಆಗಲ್ಲ. ಸಿನಿಮಾ ಹುಚ್ಚರಂತೂ ಆಗೋದೇ ಇಲ್ಲ."

"ಹಾಗಾದ್ರೆ ನಾನು ವಿಡಿಯೊ ಎಡಿಟರ್ ಅಂತಷ್ಟೇ ಹೇಳು!"

ಅವಳು ನಕ್ಕು ಮಾತು ಮರೆಸಿದಳು. ಹೇಳಿಬಿಡಬೇಕು... ಇವತ್ತು ಹೇಳಿಬಿಡಬೇಕು... ಪ್ರತಿ ವಾರವೂ ಅಂದುಕೊಳ್ಳುವಳು. ಅವನು ಪ್ರೀತಿಯಿಂದ ನೋಡಿದಾಗ ಮುಂದಿನ ವಾರಕ್ಕೆ ಮುಂದೂಡುವಳು.

ಅದೊಂದು ಬುಧವಾರ. ಲ್ಯಾಬಿಗೆ ಓಡಿಬಂದ ರಿಸೆಪ್ಷನ್ ಹುಡುಗಿ ಮೊಬೈಲನ್ನು ಅವಳ ಮುಖಕ್ಕೇ ಹಿಡಿದಳು.

"ಅಕ್ಕಾ, ಇದು ನೋಡಿದ್ರಾ? ಎರಡು ಲಕ್ಷ ಜನ ನೋಡಿದ್ದಾರಂತೆ! ನಕ್ಕೂ ನಕ್ಕೂ ಸಾಕಾಯ್ತು!"

ಒಂದು ಪಕ್ಕದಲ್ಲಿ ಹಳೆಯ ಚಿತ್ರದ ಅಮ್ಮ. ಇನ್ನೊಂದು ಪಕ್ಕದಲ್ಲಿ ಹೊದಿಕೆ ಸುತ್ತಿಕೊಂಡ ಕತ್ತರಿ. ಕೆಳಗೆ ದಪ್ಪ ಅಕ್ಷರ: 'ದಶಕದ ಅತಿ ಕೆಟ್ಟ ನಟಿ. ನಿಮ್ಮ ವೋಟು ಹಾಕಿ!' ಕೊನೆಯಲ್ಲಿ ಎಲ್ಲರ ನಗುವನ್ನೂ ಮೀರಿ ಒಂದು ಹೆಣ್ಣು ನಗು... ಬಿಕ್ಕಳಿಸಿ ಮುರಿಯುವ ನಗು. ಅದು ತಮಾಷೆಯಾಗಿದೆಯೆಂದು ಅವನು ಅದನ್ನೇ ಮೂರು ಸಲ ಸೇರಿಸಿದ್ದ!

ಕೈಯಲ್ಲಿದ್ದ ಮೇಣದ ಅಚ್ಚು ಕೆಳಗೆ ಬಿತ್ತು. ಅವಳು ಮನೆಗೆ ಓಡಿದಳು.

ಅಮ್ಮ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಮೊಬೈಲ್.

"ಪಕ್ಕದ ಮನೆಯವಳು ಕಳಿಸಿದಳು," ಎಂದರು ಅಮ್ಮ ತಣ್ಣಗೆ. "ನಾನು ಇನ್ನೂ ಎಷ್ಟು ಫೇಮಸ್ ನೋಡಿ ಅಂತ."

"ಅಮ್ಮಾ..."

"ಆ ಹುಡುಗ ಯಾರೋ ಗೊತ್ತಿಲ್ಲ. ಗೊತ್ತಿಲ್ಲದೋರು ನಗೋದು ನನಗೆ ಹೊಸದೂ ಅಲ್ಲ. ಕೊನೇಲಿ ನಗೋದು ಯಾರು?"

ಅವಳು ತಲೆ ತಗ್ಗಿಸಿದಳು.

"ಹೆತ್ತವಳು ನಾನು. ನಿನ್ನ ನಗು ನನಗೆ ಗೊತ್ತಾಗಲ್ವಾ?"

ಅವಳು ನೆಲದ ಮೇಲೆ ಕುಸಿದು ಅಮ್ಮನ ಕಾಲು ಹಿಡಿಯಹೋದಳು. ಅಮ್ಮ ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ಬಾಯಿಗೆ ಬೆರಳು ಹಾಕಿ, ಮೇಲಿನ ಎಡಗಡೆಯ ಎರಡು ಕಟ್ಟು ಹಲ್ಲು ತೆಗೆದು ಮಗಳ ಅಂಗೈಯಲ್ಲಿಟ್ಟರು. ಮಗಳೇ ಮಾಡಿಕೊಟ್ಟ ಹಲ್ಲುಗಳು.

"ಬಚ್ಚಲಲ್ಲಿ ಜಾರಿ ಮುರೀತು ಅಂದಿದ್ದೆನಲ್ಲ... ಸುಳ್ಳು." ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲಿತು. "ಆ ಶೂಟಿಂಗ್ ದಿನ ಸುಮ್ಮನೆ ಕೈ ಬೀಸಿದ ಹಾಗೆ ಮಾಡ್ತೀನಿ ಅಂದಿದ್ರು ಹೀರೊ. ಮೂರು ಟೇಕ್ ಹಾಗೇ ಆಯ್ತು. ನಾಲ್ಕನೇದಕ್ಕೆ ಏನನ್ನಿಸಿತೋ... ನಿಜವಾಗ್ಲೂ ಹೊಡೆದ್ರು. ಎರಡು ಹಲ್ಲು ಬಾಯೊಳಗೇ ಬಿತ್ತು. ಬಾಯಿ ಬಿಟ್ರೆ ರಕ್ತ ಸುರಿಯತ್ತೆ, ಶಾಟ್ ಹಾಳಾಗತ್ತೆ ಅಂತ ತುಟಿ ಕಚ್ಚಿ ಹಿಡಿದು ಡೈಲಾಗ್ ಹೇಳ್ದೆ. ಕಣ್ಣು ಮೇಲಕ್ಕೆ ಹೋಗಿದ್ದು ತಲೆ ಸುತ್ತು ಬಂದು."

"ಯಾರೂ... ಏನೂ ಅನ್ನಲಿಲ್ವಾ ಅಮ್ಮಾ?"

"ಅಂದ್ರು. 'ಟೇಕ್ ಓಕೆ' ಅಂದ್ರು."

ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಸಿನಿಮಾದ ನಂತರ ಅವರಿಗೆ ಯಾರೂ ಪಾತ್ರ ಕೊಟ್ಟಿರಲಿಲ್ಲ. ಮೂತಿ ಸೊಟ್ಟ ಮಾಡುವ ನಟಿ ಎಂದು ಹೆಸರಾಗಿತ್ತು. ಹೊಡೆದವರು ಮಾತ್ರ ಇನ್ನೂ ಇಪ್ಪತ್ತು ವರ್ಷ ಹೀರೊ ಆಗಿಯೇ ಇದ್ದರು.

ಅವಳು ಅಂಗೈಯ ಹಲ್ಲುಗಳನ್ನು ನೋಡುತ್ತ ಕೂತಳು. ಐದು ಸಲ ಅಳತೆ ತೆಗೆದಿದ್ದಳು ಅಮ್ಮನ ಬಾಯಿಯದು. ಹಲ್ಲು ಹೇಗೆ ಹೋಯಿತೆಂದು ಒಂದು ಸಲವೂ ಸರಿಯಾಗಿ ಕೇಳಿರಲಿಲ್ಲ...

ಸಂಜೆಯ ಹೊತ್ತಿಗೆ ಅವಳು ಕತ್ತರಿಯ ಎಡಿಟಿಂಗ್ ಕೋಣೆಯಲ್ಲಿದ್ದಳು.

"ನೋಡಿದ್ಯಾ? ಎರಡು ಲಕ್ಷ!" ಅವನು ಕುರ್ಚಿ ತಿರುಗಿಸಿದ. "ಎಲ್ಲಾ ನಿನ್ನ ನಗುವಿನ ಮಹಿಮೆ ಕಣೇ!"

"ಅದು ನಮ್ಮಮ್ಮ."

"ಯಾರು?"

"ದಶಕದ ಅತಿ ಕೆಟ್ಟ ನಟಿ."

ಅವನು ನಗಲು ಹೋಗಿ, ಅವಳ ಮುಖ ನೋಡಿ ನಿಲ್ಲಿಸಿದ. ಅವಳು ಎಲ್ಲವನ್ನೂ ಹೇಳಿದಳು. ಹಲ್ಲು, ರಕ್ತ, ನಾಲ್ಕನೇ ಟೇಕ್. ಅವನು ಮೆಲ್ಲಗೆ ಎದ್ದು ನಿಂತ.

"ನೀನು... ಒಂದು ಮಾತು ಹೇಳಿದ್ದಿದ್ರೆ..."

"ಹೇಳಲಿಲ್ಲ. ನೀನು ಗೊತ್ತಿಲ್ಲದೆ ಮಾಡಿದೆ. ನಾನು ಗೊತ್ತಿದ್ದೂ ನಕ್ಕೆ. ನಿನ್ನ ಮುಖ ನೋಡಿದ್ರೆ ನನ್ನ ಮೇಲೇ ಅಸಹ್ಯ ಆಗ್ತಿದೆ. ಇನ್ಮೇಲೆ ನನ್ನ ಹತ್ರ ಬರಬೇಡ."

ಅವನು ಆ ವಿಡಿಯೊವನ್ನು ಆಗಲೇ ಅಳಿಸಿದ. ಏನು ಪ್ರಯೋಜನ? ಬೇರೆಯವರು ಇಳಿಸಿಕೊಂಡು ಹಂಚಿದ್ದರು. ಪುಟ್ಟ ಮಕ್ಕಳು ಮೂತಿ ಸೊಟ್ಟ ಮಾಡಿಕೊಂಡು ಕುಣಿಯುವ ನೂರು ವಿಡಿಯೊ ಬಂದಿದ್ದವು.

ಭಾನುವಾರ ಸಂಘದಲ್ಲಿ ಅವನು ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದ.

"ಅಯ್ಯೋ ಪಾಪ," ಎಂದರು ಪೋಸ್ಟ್‌ಮಾಸ್ತರರು. ಕನ್ನಡಕ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಆದ್ರೆ ನಮ್ಮ ಹೀರೊ ಬೇಕಂತ ಹೊಡೆದಿರಲ್ಲಪ್ಪ. ಪಾತ್ರದೊಳಗೆ ಇಳಿದುಬಿಡ್ತಿದ್ರು ಅವರು... ಅದೇ ಅವರ ದೊಡ್ಡತನ."

"ಏಟು ನಿಜ ಇರಬಹುದು," ಎಂದಿತು ಹಿಂದಿನ ಬೆಂಚು. "ಪರದೆ ಮೇಲೆ ಕಾಣೋದು ಕೆಟ್ಟ ನಟನೆ ತಾನೆ?"

ಮತದಾನ ನಡೆದೇ ನಡೆಯಿತು. ಕತ್ತರಿ ಅವತ್ತೇ ಸಂಘ ಬಿಟ್ಟ.

ಇತ್ತ ಮನೆಯಲ್ಲಿ ಅಮ್ಮ ಅಡುಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಆ ಎರಡು ಕಟ್ಟು ಹಲ್ಲು ಹಾಕಿಕೊಳ್ಳಲೂ ಇಲ್ಲ. ಊಟದ ತಟ್ಟೆಯ ಎದುರು ಕೂತು, ಹಲ್ಲಿಲ್ಲದ ಜಾಗದಿಂದ ತುತ್ತು ಜಾರುವುದನ್ನು ಮಗಳು ದಿನಕ್ಕೆರಡು ಸಲ ನೋಡಬೇಕಾಗಿತ್ತು. ನೋಡಲಿ ಎಂದೇ ಅಮ್ಮ ಎದುರಿಗೆ ಕೂರುತ್ತಿದ್ದರು.

ಹದಿನೆಂಟನೇ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅವಳು ತೆರೆದಳು. ಅವನು!

"ಬರಬೇಡ ಅಂದಿದ್ದೆ..."

"ನಿನ್ನ ನೋಡೋಕೆ ಬಂದಿಲ್ಲ. ಅಮ್ಮನ್ನ ನೋಡ್ಬೇಕು."

"ಯಾರು?" ಒಳಗಿನಿಂದ ಅಮ್ಮನ ದನಿ.

"ನಾನಮ್ಮಾ... ಆ ವಿಡಿಯೊ ಮಾಡಿದೋನು."

ಅಮ್ಮ ಹೊರಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹದಿನೆಂಟು ದಿನದಲ್ಲಿ ಮೊದಲ ಸಲ ಅವರ ಕಣ್ಣಿನಲ್ಲಿ ಏನೋ ಮಿಂಚಿತು. ಅದು ಕರುಣೆಯಲ್ಲ.

"ಮಾಡಿ ತೋರಿಸು."

"ಅಮ್ಮಾ?"

"ಅಷ್ಟು ಜನರಿಗೆ ತೋರಿಸಿದ್ದೀಯಾ, ನನಗೂ ಒಂದ್ಸಲ ತೋರಿಸಪ್ಪಾ. ಮಾಡು."

"ತಪ್ಪಾಯ್ತಮ್ಮಾ... ನನ್ನ ಕೈಲಾಗಲ್ಲ..."

"ನನಗೂ ಆಗ್ತಿರಲಿಲ್ಲ. ಮಾಡ್ದೆ." ಅಮ್ಮ ಮಗಳ ಕಡೆ ತಿರುಗಿದರು. "ಒಂದು ಲೋಟ ನೀರು ತಾ. ಬಿಸಿ ಇರ್ಲಿ. ರಕ್ತ ಬೆಚ್ಚಗಿರತ್ತೆ."

ಅವಳು ಒಳಗೆ ಹೋದಳು. ಬಿಸಿನೀರು ತಂದಳು.

"ಬಾಯಿ ತುಂಬ ತುಂಬಿಸ್ಕೋ. ನುಂಗಬಾರ್ದು, ಒಂದು ಹನಿ ಹೊರಗೆ ಬರಬಾರ್ದು. ಹ್ಞಾಂ... ಈಗ ಹೇಳು ಡೈಲಾಗ್."

ಅವನು ಬಿಸಿನೀರನ್ನು ಬಾಯಲ್ಲಿ ತುಂಬಿಕೊಂಡು ನಿಂತ. ತುಟಿ ತಾನಾಗಿಯೇ ಎಡಕ್ಕೆ ಎಳೆಯಿತು. "ಮ್... ಮಗೂ..." ಎನ್ನುವಷ್ಟರಲ್ಲಿ ನೀರು ಗಂಟಲಿಗಿಳಿದು, ಕೆಮ್ಮು ಬಂದು ಅಂಗಿಯ ಮೇಲೆಲ್ಲ ಚೆಲ್ಲಿತು.

"ಕಟ್," ಎಂದರು ಅಮ್ಮ. "ಇನ್ನೊಂದು ಟೇಕ್."

ಮೂರು ಸಲ ಮಾಡಿಸಿದರು. ಮೂರನೆಯ ಸಲ ಅವನು ಮೊಣಕಾಲೂರಿ ಕುಸಿದು, ಮುಖ ಮುಚ್ಚಿಕೊಂಡು ಅತ್ತ. ಮಗಳು ಗೋಡೆಗೆ ಆತುಕೊಂಡು ಅತ್ತಳು. ಅಮ್ಮ ಅಳಲಿಲ್ಲ.

"ವೋಟಿಂಗ್ ಏನಾಯ್ತು?"

ಅವನು ಅಂಗಿಯ ಮೇಲಿನ ನೀರು ಒರೆಸತೊಡಗಿದ.

"ಕೇಳ್ತಿದ್ದೀನಿ."

"...ನೀವೇ ಗೆದ್ರಿ ಅಮ್ಮಾ."

ಅಮ್ಮ ಕಿಟಕಿ ಪಕ್ಕದ ಕುರ್ಚಿಗೆ ಹೋಗಿ ಕೂತರು. "ಸುಳ್ಳು ಹೇಳಬಹುದಿತ್ತು ನೀನು," ಎಂದರು. "ಹೇಳಲಿಲ್ಲ. ಅದೊಂದು ಸರಿ."

ನಂತರ ಮಗಳತ್ತ ತಿರುಗಿದರು. "ನಿನಗೆ ಇವನು ಬೇಕಾ?"

ಬೇಡ ಅಂದರೆ ಅಮ್ಮ ಮತ್ತೆ ಮಾತಾಡಬಹುದು... ಬೇಕು ಅಂದರೆ? ಆದರೆ ಹೆದರಿ ಸುಳ್ಳಾಡಿದ್ದು ಸಾಕಾಗಿತ್ತು.

"ಬೇಕು ಅಮ್ಮಾ."

"ಆಯ್ತು. ನಾನು ಅಡ್ಡ ಬರಲ್ಲ. ಆದ್ರೆ ಕ್ಷಮಿಸಿದ್ದೀನಿ ಅಂತ ಇಬ್ಬರೂ ಅಂದ್ಕೋಬೇಡಿ. ಅವನನ್ನಾದ್ರೂ ಒಂದಿನ ಕ್ಷಮಿಸ್ತೀನೇನೋ. ನಿನ್ನ ವಿಷಯ ಗೊತ್ತಿಲ್ಲ." ಸೊಂಟ ಹಿಡಿದುಕೊಂಡು ಎದ್ದರು. "ನೆಲ ಒರೆಸು. ನಾನು ಜಾರಿ ಬಿದ್ದೇನು."

ಅಮ್ಮನ ಕೋಣೆಯ ಬಾಗಿಲು ಮುಚ್ಚಿತು.

ಅವಳು ನೆಲ ಒರೆಸಿದಳು. ಅವನು ಒದ್ದೆ ಅಂಗಿಯಲ್ಲೇ ಹೊರಟ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಅವಳು ಟವೆಲ್ ಹಿಡಿದು ಬಂದಿದ್ದಳು.

"ಬಾಯಿ ಸುಟ್ಟಿತಾ?"

"ಸ್ವಲ್ಪ."

ಅವಳು ಅವನ ಕತ್ತು ಒರೆಸಿದಳು. ಅವನು ಆ ಕೈಯನ್ನು ಹಿಡಿದುಕೊಂಡ.

"ನಿನ್ನ ಪ್ರೀತಿಸ್ತೀನಿ ಅಂತ ಇವತ್ತು ಹೇಳೋಕೆ ನನಗೆ ಯೋಗ್ಯತೆ ಇಲ್ಲ," ಎಂದ. "ಆದ್ರೂ ಹೇಳ್ತಿದ್ದೀನಿ."

"ನನಗೂ ಇಲ್ಲ... ಆದ್ರೂ ಕೇಳಿಸ್ಕೋತಿದ್ದೀನಿ." ಅವಳ ಕಣ್ಣು ಮತ್ತೆ ತುಂಬಿತು. "ಅಮ್ಮ ಯಾವತ್ತೂ ಕ್ಷಮಿಸದೇ ಹೋದ್ರೆ?"

"ಪ್ರತಿ ವಾರ ಬರ್ತೀನಿ. ಬೈದ್ರೆ ಬೈಸ್ಕೋತೀನಿ. ಬಾಗಿಲು ತೆಗೆಯೋಕೆ ನೀನಿದ್ರೆ ಸಾಕು."

"ತೆಗೀತೀನಿ. ಆದ್ರೆ ಕೂತ್ಕೋ ಅಂತ ಅಮ್ಮನೇ ಹೇಳ್ಬೇಕು. ನಾನು ಹೇಳಲ್ಲ."

"ಬೇಡ," ಎಂದ ಅವನು, ಅವಳ ಬೆರಳುಗಳನ್ನು ಇನ್ನೂ ಬಿಡದೆ. "ಅವರು ಹೇಳೋವರೆಗೂ ನಿಂತೇ ಇರ್ತೀನಿ."