ಕಳಿಸುವ ಮುಂಚೆ ಜೋರಾಗಿ ಓದಿ

"ಈ ಸೆಂಟರಿನ ಓನರ್ ಯಾರ್ರೀ?"

ಕೀಬೋರ್ಡಿನ ಧೂಳು ಒರೆಸುತ್ತಿದ್ದ ನಾನು ತಲೆ ಎತ್ತಿದೆ. ಬಾಗಿಲಲ್ಲಿ ಬೆಳಗಿನ ಬಿಸಿಲು, ಬಿಸಿಲಿನ ಮುಂದೆ ಹಸಿರು ಕಾಟನ್ ಸೀರೆ, ಸೀರೆಗಿಂತ ಮುಂದೆ ಕೋಪ.

"ನಾನೇ ಮೇಡಂ, ನಾಗಾರ್ಜುನ ಅಂತ. ಬ್ರೌಸಿಂಗಾ, ಪ್ರಿಂಟಾ?"

"ಜಗಳ" ಎಂದರು.

ನಮ್ಮದು ಹೀಗೆ ಶುರುವಾಯಿತು. ಎರಡು ಸಾವಿರದ ಏಳನೇ ಇಸವಿ, ಆಗಸ್ಟ್ ತಿಂಗಳು. ಆರ್ಕುಟ್ ಎಂಬ ಜಾಲತಾಣದಲ್ಲಿ ಒಬ್ಬರ ಪುಟಕ್ಕೊಬ್ಬರು ಸ್ಕ್ರ್ಯಾಪ್ ಎಂದು ಸಂದೇಶ ಬರೆಯುತ್ತಿದ್ದ ಕಾಲ. ರಾಮಕೃಷ್ಣನಗರದಲ್ಲಿ ಆರು ಕಂಪ್ಯೂಟರಿನ ಬ್ರೌಸಿಂಗ್ ಸೆಂಟರ್ ನನ್ನದು. ಆರಕ್ಕೂ ಪ್ಲೈವುಡ್ಡಿನ ಕ್ಯಾಬಿನ್, ಒಂದೊಂದಕ್ಕೂ ಪರದೆ. ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಕೆಟ್ಟ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿ ಕಲಿತವನು ನಾನು. ಬಂದವರು ಗಾರ್ಗಿ, ಹತ್ತಿರದ ಹೆಣ್ಣುಮಕ್ಕಳ ಪಿಯು ಕಾಲೇಜಿನಲ್ಲಿ ಆ ವರ್ಷದ ಮಟ್ಟಿಗೆ ಕನ್ನಡ ಪಾಠ ಹೇಳುತ್ತಿದ್ದವರು.

"ನಮ್ಮ ಐಶ್ವರ್ಯ ನಾಲ್ಕು ದಿನದಿಂದ ಕ್ಲಾಸಿಗೆ ಬಂದಿಲ್ಲ. ತನ್ನ ಅಜ್ಜಿಯ ಸೀರೆ ಉಟ್ಕೊಂಡು ಒಂದು ಫೋಟೋ ಆರ್ಕುಟ್‌ಗೆ ಹಾಕಿದ್ಲು. ಸುಳ್ಳು ಹೆಸರಿಟ್ಕೊಂಡು ಅವಳ ಸ್ಕ್ರ್ಯಾಪ್‌ಬುಕ್ ತುಂಬ ಹೊಲಸು ಬರೆದಿದ್ದಾರೆ. ಬಣ್ಣದ ಬಗ್ಗೆ, ಮೈ ಬಗ್ಗೆ. ಇಡೀ ಕ್ಲಾಸು ಓದಿದೆ. ಬರೆದೋರು ನಮ್ಮ ಹುಡುಗೀರೇ ಇಬ್ಬರು, ಒಪ್ಕೊಂಡಿದ್ದಾರೆ. ಎಲ್ಲಿ ಕೂತು ಬರೆದ್ರು ಗೊತ್ತಾ? ಅಲ್ಲಿ." ಅವರ ಬೆರಳು ಆರನೇ ಕ್ಯಾಬಿನ್ನಿನ ಪರದೆಗೆ ನೆಟ್ಟಿತು.

ನಾನು ಧೂಳಿನ ಬಟ್ಟೆ ಕೆಳಗಿಟ್ಟೆ. "ಇವತ್ತಿಂದಲೇ ಆರ್ಕುಟ್ ಇಲ್ಲ ಅಂತ ಬೋರ್ಡ್ ಹಾಕ್ತೀನಿ ಮೇಡಂ."

"ಹಾಕಿ. ಎಲ್ಲರೂ ಮುಂದಿನ ಕ್ರಾಸಿನ ಸೆಂಟರಿಗೆ ಹೋಗ್ತಾರೆ. ಊರು ಬಿಟ್ಟುಹೋದ ಗೆಳತಿ ಹತ್ರ ಐಶ್ವರ್ಯ ಮಾತಾಡೋದೂ ಅದರಲ್ಲೇ ಕಣ್ರೀ. ಏನೂ ಮಾಡದ ಹುಡುಗಿಗೂ ಶಿಕ್ಷೆನಾ?"

ಇಡೀ ದಿನ ಗಿರಾಕಿಗಳ ಧ್ವನಿ ಕೇಳಿಸಿಕೊಂಡು ಕೂರುವವನು ನಾನು. ಎದುರಿಗೆ ಮೆತ್ತಗೆ ಮಾತಾಡುವವರೇ ಪರದೆಯ ಹಿಂದೆ ಟಪಟಪ ಕುಟ್ಟುವುದನ್ನು ಕೇಳಿದ್ದೆ. ಅದಕ್ಕೇ ಬಾಯಿಗೆ ಬಂತು: "ಬರೆದದ್ದನ್ನ ಆ ಇಬ್ಬರಿಗೂ ಒಂದ್ಸಲ ಜೋರಾಗಿ ಓದೋಕೆ ಹೇಳಿ ನೋಡಿ."

ಗಾರ್ಗಿಯ ಎಡಗಡೆಯ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. ಕೋಪ ಇಳಿಯಿತೋ, ನನ್ನನ್ನು ಅಳೆಯುತ್ತಿದ್ದಾರೋ ತಿಳಿಯಲಿಲ್ಲ. ಆ ಹುಬ್ಬನ್ನು ಮಾತ್ರ ಅವತ್ತಿಡೀ ಮರೆಯಲಾಗಲಿಲ್ಲ.

ಸಂಜೆ ಇಬ್ಬರನ್ನೂ ಕರೆದುಕೊಂಡು ಬಂದರು. ಒಬ್ಬಳು ಮೂರು ಪದ ಓದಿದಳು, ನಾಲ್ಕನೆಯದಕ್ಕೆ ಅತ್ತಳು. ಇನ್ನೊಬ್ಬಳು ಬಾಯಿ ತೆರೆಯಲೇ ಇಲ್ಲ. ಮರುದಿನ ಯಾರೂ ಹೇಳದೆಯೇ ಇಬ್ಬರೂ ಐಶ್ವರ್ಯಳ ಮನೆಗೆ ಹೋಗಿ ಬಂದರಂತೆ.

ಆ ಭಾನುವಾರ ನಾನು ಪ್ಲೈವುಡ್ ಬಿಚ್ಚಲು ಕೂತೆ. ಏನಾಗುತ್ತಿದೆ ಎಂದು ನೋಡಲು ಬಂದ ಗಾರ್ಗಿ, ಸೆರಗು ಸಿಕ್ಕಿಸಿಕೊಂಡು ಬಿಚ್ಚಿದ ಸ್ಕ್ರೂಗಳನ್ನೆಲ್ಲ ಅಂಗೈಯಲ್ಲಿ ಹಿಡಿದು ನಿಂತರು.

"ಗಿರಾಕಿಗಳು ಹೋಗ್ಬಿಡ್ತಾರಲ್ರೀ."

"ಪರದೆಗೋಸ್ಕರ ಬರೋರು ಹೋಗ್ಲಿ ಬಿಡಿ ಮೇಡಂ."

"ದೊಡ್ಡ ಧೈರ್ಯ!"

"ಧೈರ್ಯ ನಿಮ್ಮದು. ನನ್ನದು ಸ್ಕ್ರೂಡ್ರೈವರ್ ಅಷ್ಟೇ."

ನಗು ತಡೆಯಲು ತುಟಿ ಕಚ್ಚಿಕೊಂಡರು. ಅಂಗೈಯ ಸ್ಕ್ರೂಗಳು ಕಿಣಿಕಿಣಿ ಎಂದವು.

ಆ ಪ್ಲೈವುಡ್ಡಿನಲ್ಲೇ ಬಾಗಿಲ ಪಕ್ಕ ಒಂದು ಉದ್ದನೆಯ ಬೆಂಚು ಮಾಡಿಸಿದೆ. ಗೋಡೆಗೆ ನಾನೊಂದು ಬೋರ್ಡ್ ಹಾಕಿದೆ, ಅದರ ಮೇಲೆ ಗಾರ್ಗಿ ಮಾರ್ಕರಿನಲ್ಲಿ ದುಂಡಗೆ ಬರೆದರು: ಕಳಿಸುವ ಮುಂಚೆ ಒಂದು ಸಲ ಜೋರಾಗಿ ಓದಿ. ಒಂದು ತಿಂಗಳು ಸೆಂಟರ್ ಭಣಭಣ ಎನ್ನುತ್ತಿತ್ತು. ಆಮೇಲೆ, ನಂಬಿದರೆ ನಂಬಿ, ಅಪ್ಪಂದಿರೇ ಹೆಣ್ಣುಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟುಹೋಗತೊಡಗಿದರು. ಬೇರೆಲ್ಲೂ ಬೇಡ, ಪರದೆಯಿಲ್ಲದ ಸೆಂಟರಿಗೇ ಹೋಗು ಎಂದು ಮನೆಗಳಲ್ಲಿ ಹೇಳುತ್ತಿದ್ದರಂತೆ. ಅದನ್ನು ಕೇಳಿದ ದಿನ ನಾನು ಎದೆಯುಬ್ಬಿಸಿಕೊಂಡು ನಡೆದದ್ದು ಸುಳ್ಳಲ್ಲ.

ಶನಿವಾರ ಮಧ್ಯಾಹ್ನ ಸೆಂಟರಿನಲ್ಲೇ ಕಾಲೇಜಿನ ಹುಡುಗಿಯರಿಗೆ ಗಾರ್ಗಿಯ ಕ್ಲಾಸು ಶುರುವಾಯಿತು. ಗುರುತಿಲ್ಲದವರ ರಿಕ್ವೆಸ್ಟಿಗೆ ಏನು ಮಾಡಬೇಕು, ಪಾಸ್‌ವರ್ಡನ್ನು ಆಪ್ತ ಗೆಳತಿಗೂ ಯಾಕೆ ಕೊಡಬಾರದು, ಎಷ್ಟು ಜನ ಸ್ಕ್ರ್ಯಾಪ್ ಬರೆದರು ಎಂದು ಗಳಿಗೆಗೊಮ್ಮೆ ನೋಡಿದರೆ ಮನಸ್ಸು ಎಲ್ಲಿ ಹೋಗುತ್ತದೆ, ಎಲ್ಲ ಅಲ್ಲೇ ಚರ್ಚೆ. ಅರ್ಧ ಗಂಟೆಯಾದರೆ ಎದ್ದು ಹೋಗಿ ಕಬ್ಬಿನ ಹಾಲು ಕುಡಿದು ಬರಲೇಬೇಕು, ಅದೂ ರೂಲ್ಸು.

ಬೆಂಚಿನ ಮೇಲೆ ಐಶ್ವರ್ಯಳ ಅಜ್ಜಿ ಪುಟ್ಟಲಿಂಗಮ್ಮ ಕಾವಲು. "ಏನವ್ವಾ ಬರ್ದೆ? ಜೋರಾಗ್ ಓದು, ನಂಗೂ ಕೇಳ್ಲಿ. ಅಂಗೇ ಕಳಿಸ್ಬುಟ್ಟೀಯ ಮತ್ತೆ!"

ದಸರಾ ಮುಗಿದ ವಾರ ಐಶ್ವರ್ಯ ಆ ಸೀರೆಯ ಫೋಟೋವನ್ನು ಮತ್ತೆ ಹಾಕಿದಳು. ಮೊದಲ ಸ್ಕ್ರ್ಯಾಪ್ ಬಂದದ್ದು ಆ ಇಬ್ಬರಿಂದಲೇ. ಈ ಸಲ ಸ್ವಂತ ಹೆಸರಿನಲ್ಲಿ, ಜೋರಾಗಿ ಓದಿ. ಗಾರ್ಗಿ ತಟ್ಟನೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ಗಲ್ಲ ಮೇಲೆದ್ದಿತ್ತು. ಹೆಮ್ಮೆ ಎನ್ನುವುದಕ್ಕೆ ಮುಖವೊಂದಿದ್ದರೆ ಅದೇ.

ನನ್ನ ಕಥೆ ಮುಗಿದದ್ದೂ ಆ ನೋಟದಲ್ಲೇ.

ಮುಂದಿನ ಶನಿವಾರಗಳಲ್ಲೆಲ್ಲ ಅವರಿಗೊಂದು ಸ್ಕ್ರ್ಯಾಪ್ ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಅವರು ಎಂಎ, ನಾನು ಪಿಯುಸಿ ಫೇಲು ಎಂಬುದು ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದು. ಇಷ್ಟು ಮನೆಯವರು ನಂಬಿ ಮಕ್ಕಳನ್ನು ಕಳಿಸುತ್ತಿದ್ದಾರೆ. ಗಾರ್ಗಿಗೆ ಇಷ್ಟವಿಲ್ಲದೆ ಹೋದರೆ? ಪರದೆ ತೆಗೆದದ್ದೂ ಕೊನೆಗೆ ಇದಕ್ಕೇನಾ ಎಂದು ಅವರಿಗೆ ಅನ್ನಿಸಿಬಿಟ್ಟರೆ?

ಫೆಬ್ರವರಿಯ ಕೊನೆಯ ಶನಿವಾರ ಗಾರ್ಗಿ ಬಂದವರೇ ಮಾರ್ಕರಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದು ಹೇಳಿದರು: "ಇದು ನನ್ನ ಕೊನೇ ಕ್ಲಾಸು ಕಣ್ರಮ್ಮ. ಇಲ್ಲಿನ ಕೆಲಸ ಮುಗೀತು. ಹಾಸನದಲ್ಲಿ ಪರ್ಮನೆಂಟ್ ಆಗಿದೆ. ಕ್ಲಾಸು ಇನ್ಮೇಲೆ ಐಶ್ವರ್ಯ ತಗೋತಾಳೆ."

ಹುಡುಗಿಯರು ಗೋಳೋ ಎಂದರು. ನಾನು ಹೋಗಿ ಆರನೇ ಕಂಪ್ಯೂಟರಿನ ಮುಂದೆ ಕೂತೆ.

ಆರ್ಕುಟ್‌ನಲ್ಲಿ ಸ್ಕ್ರ್ಯಾಪ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಬ್ಬರ ಬಗ್ಗೆ ಮೆಚ್ಚಿ ಬರೆಯುವ ಟೆಸ್ಟಿಮೋನಿಯಲ್ ಹಾಗಲ್ಲ, ಮೊದಲು ಅವರೊಬ್ಬರಿಗೇ ಹೋಗುತ್ತದೆ. ಅವರು ಅಕ್ಸೆಪ್ಟ್ ಒತ್ತಿದರಷ್ಟೇ ಊರಿಗೆ ಕಾಣುತ್ತದೆ. ಬೇಡವಾದರೆ ಗುಟ್ಟಾಗಿ ಸತ್ತುಹೋಗುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದೆ. ಮೌಸಿನ ಮೇಲೆ ಕೈ ಇಟ್ಟೆ.

"ಸಾರ್!" ಬೆನ್ನ ಹಿಂದೆಯೇ ಐಶ್ವರ್ಯ. "ಜೋರಾಗಿ ಓದ್ಲೇ ಇಲ್ಲ ನೀವು."

"ಏಯ್, ಇದು ಬಿಲ್ ಕಣಮ್ಮ."

"ಬಿಲ್‌ನಲ್ಲಿ ಗಾರ್ಗಿ ಮಿಸ್ ಫೋಟೋ ಯಾಕಿದೆ ಸಾರ್?"

ಉಳಿದ ಐದು ಕುರ್ಚಿಗಳೂ ಒಟ್ಟಿಗೆ ತಿರುಗಿದವು. ಮರೆಗೆ ಒಂದು ತುಂಡು ಪ್ಲೈವುಡ್ಡೂ ಇರಲಿಲ್ಲ. ಗಾರ್ಗಿ ಗೋಡೆಗೆ ಒರಗಿ, ತಾವೇ ಬರೆದ ಬೋರ್ಡಿನ ಕೆಳಗೆ ಕೈಕಟ್ಟಿ ನಿಂತರು. ಎಡಗಡೆಯ ಹುಬ್ಬು ಮೇಲೆ ಹೋಯಿತು.

"ರೂಲ್ಸು ಓನರ್‌ಗೂ ಒಂದೇ ಅಲ್ವೇನ್ರೀ?"

ಎದ್ದು ನಿಂತು ಓದಿದೆ.

"ಗಾರ್ಗಿ ಮೇಡಂ, ನೀವು ಜಗಳಕ್ಕೆ ಬಂದ್ರಿ, ನಾನು ಪರದೆ ತೆಗೆದೆ. ತೆಗೆದ ಮೇಲೆ ಆರನೇ ಕಂಪ್ಯೂಟರಿಂದ ಬಾಗಿಲು ನೇರ ಕಾಣುತ್ತೆ. ಶನಿವಾರ ಅಲ್ಲದ ದಿನಾನೂ ನಾನು ಆ ಬಾಗಿಲನ್ನೇ ನೋಡ್ತಾ ಇರ್ತೀನಿ. ಹೋಗಬೇಡಿ ಅನ್ನಲ್ಲ. ನಿಮ್ಮ ಕೆಲಸ ಎಂಥದ್ದು ಅಂತ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನೀವು ಹಾಸನದಲ್ಲಿದ್ರೂ ನಾನು ನಿಮ್ಮವನೇ. ನಿಮಗೆ ಇಷ್ಟ ಇದ್ರೆ ಮಾತ್ರ."

"ಬೋರ್ಡ್ ಆಕೋದೇನು ಬೇಗ ಆಕ್ಬುಟ್ಟೆ. ಓದಕ್ಕೆ ಇಷ್ಟ್ ದಿನ ಬೇಕಾಯ್ತೇನಪ್ಪ?" ಎಂದರು ಪುಟ್ಟಲಿಂಗಮ್ಮ.

ಗಾರ್ಗಿ ನಗಲಿಲ್ಲ. ನೇರ ನನ್ನ ಕಣ್ಣನ್ನೇ ನೋಡುತ್ತ ಹತ್ತಿರ ಬಂದರು, ಕಿವಿಯ ತುದಿ ಕೆಂಪಾಗಿತ್ತು.

"ಕಳಿಸಿ" ಎಂದರು. ಕಳಿಸಿದೆ.

"ಈಗಲೇ ಅಕ್ಸೆಪ್ಟ್ ಒತ್ತಲ್ಲ. ನಾಳೆ ಮನೆಗೆ ಬನ್ನಿ, ಇದನ್ನೇ ನಮ್ಮಪ್ಪನ ಎದುರಿಗೆ ಓದಿ. ಅಲ್ಲೂ ಓದೋಕಾದ್ರೆ ಅದು ನಿಜ." ಬಾಗಿಲವರೆಗೆ ಹೋಗಿ ತಿರುಗಿದರು. ಆಗ ನಕ್ಕರು. "ಅಪ್ಪನಿಗೆ ಕಿವಿ ಸ್ವಲ್ಪ ಮಂದ ಕಣ್ರೀ. ಚೆನ್ನಾಗಿ ಜೋರಾಗಿ ಓದ್ಬೇಕು."

ಓದಿದೆ. ಗಾರ್ಗಿಯ ಅಪ್ಪ ರಾಮಸ್ವಾಮಿಗಳು ಕಿವಿಗೆ ಕೈ ಒಡ್ಡಿ, ಎರಡನೇ ಸಲವೂ ಓದಿಸಿದರು. ಅಷ್ಟರಲ್ಲಿ ಆಚೀಚೆ ಮನೆಯವರೆಲ್ಲ ಕಾಂಪೌಂಡಿಗೆ ಬಂದಿದ್ದರು. ರಾಮಸ್ವಾಮಿಗಳು ಒಳಗೆ ತಿರುಗಿ ಕೂಗಿದರು: "ಗಾರ್ಗೀ, ಈ ಹುಡುಗನಿಗೆ ಕಾಫಿ ತಗೊಂಡ್ಬಾ. ಗಂಟಲು ಒಣಗಿಹೋಗಿದೆ."

ಸೋಮವಾರ ಬೆಳಗ್ಗೆ ಆರನೇ ಕಂಪ್ಯೂಟರ್ ಹಾಕಿದಾಗ ನನ್ನ ಮಾತು ಅವರ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಇತ್ತು. ಜೋರಾಗಿ ಇನ್ನೊಂದು ಸಲ ಓದಿದೆ. ಸೆಂಟರಿನಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ. ತಲೆ ಎತ್ತಿದರೆ, ಬಾಗಿಲಲ್ಲಿ ಹಸಿರು ಸೀರೆ.