ಪ್ಲಾಸ್ಟಿಕ್ ಬಿಚ್ಚದ ಕುರ್ಚಿ

"ಇದು ಹೊಸ ಕುರ್ಚಿ," ಎಂದಳು ಪ್ರದರ್ಶನದ ಕ್ಯುರೇಟರ್, ಕೊಂಚ ಗಡುಸಾಗಿಯೇ. "ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ."

"ಬಿಚ್ಚೋರು ಯಾರೂ ಸಿಕ್ಕಿಲ್ಲ," ಎಂದ ಅವನು.

ಎದುರು ಬೀದಿಯ ಕನ್ನಡಕದಂಗಡಿಯವನು. ಮಡಚುವ ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಗುತ್ತ ಬಾಗಿಲಲ್ಲಿ ನಿಂತಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ಹಾಳುಬಿದ್ದ ಗೋದಾಮನ್ನು ಗುಡಿಸಿ, ಬಡಾವಣೆಯ ಮನೆಮನೆ ಅಲೆದು ಅವಳು ಕಟ್ಟಿದ್ದ ಪ್ರದರ್ಶನ ಅದು. ಕಾಯಿಲೆಯವರ ಹಾಸಿಗೆ ಪಕ್ಕ ಕೂತು ಆರೈಕೆ ಮಾಡಿದ ಕುರ್ಚಿಯನ್ನು ಜನ ತಂದುಕೊಡಬೇಕು. ನೋಡಲು ಬಂದವರು ಅದರಲ್ಲಿ ಕೂರುತ್ತಾರೆ, ಕೊಟ್ಟವರು ಎದುರು ಕೂತು ಅದರ ಕಥೆ ಹೇಳುತ್ತಾರೆ. ಕೊನೆಯ ದಿನ ಕೊಟ್ಟವರೇ ಖುದ್ದಾಗಿ ಬಂದು ಒಯ್ಯಬೇಕು. ಅದೊಂದು ನಿಯಮದಲ್ಲಿ ಅವಳು ಬಲು ಕಟ್ಟುನಿಟ್ಟು.

"ತಮಾಷೆ ಮಾಡೋ ಜಾಗ ಅಲ್ಲ ಇದು. ಇದರಲ್ಲಿ ಯಾರು ಕೂತಿದ್ರು, ಹೇಳಿ."

"ಇನ್ಮೇಲೆ ಕೂರಬೇಕು ಮೇಡಂ." ಅವನ ನಗು ಸ್ವಲ್ಪ ತಗ್ಗಿತು. "ಮುಂದಿನ ತಿಂಗಳು ತಲೆ ಆಪರೇಷನ್. ಒಳಗೊಂದು ಗಡ್ಡೆ, ಬಾಡಿಗೆ ಕೊಡದೆ ಕೂತಿದೆ. ಜೊತೆಗೆ ಯಾರಿರ್ತಾರೆ ಅಂತ ಆಸ್ಪತ್ರೇಲಿ ಕೇಳಿದ್ರು. ಎಷ್ಟು ಯೋಚಿಸಿದ್ರೂ ಒಂದು ಹೆಸರೂ ಹೊಳೀಲಿಲ್ಲ. ಕುರ್ಚಿಯಾದ್ರೂ ಇರ್ಲಿ ಅಂತ ಕೊಂಡೆ."

ಅವಳು ಕೈಚಾಚಿದಳು. ಕುರ್ಚಿಯನ್ನು ತೆಗೆದುಕೊಂಡು ಸಾಲಿನ ಕೊನೆಯಲ್ಲಿಟ್ಟಳು.

ಜನ ಬಂದರು. ಬೆತ್ತದ ಕುರ್ಚಿ, ಕಾಲು ಕುಂಟುವ ಸ್ಟೂಲು, ಎಲ್ಲದರಲ್ಲೂ ಕೂತರು, ಅತ್ತರು, ಗುರುತಿಲ್ಲದವರ ಕೈ ಹಿಡಿದುಕೊಂಡರು. ಹೊಸ ಕುರ್ಚಿಯನ್ನು ಮಾತ್ರ ಮುಟ್ಟದೆ ಸುತ್ತಿ ಹೋದರು. ಬಾಗಿಲು ತೆರೆದಾಗಲೆಲ್ಲ ಅದರ ಪ್ಲಾಸ್ಟಿಕ್ ಚರಚರ ಎನ್ನುತ್ತಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಗೆ.

"ಅದನ್ನ ಒಳಗಿಡು ಮಗಳೇ," ಎಂದಳು ಬಡಾವಣೆಯಲ್ಲಿ ಬಟ್ಟೆ ಹೊಲಿಯುವ ದೊಡ್ಡಮ್ಮ. ಆ ಕುಂಟು ಸ್ಟೂಲು ಅವಳದು. ಗಂಡ ಕಣ್ಣುಮುಚ್ಚುವವರೆಗೂ ಅದರ ಮೇಲೇ ಕೂತಿದ್ದವಳು. "ಉಳಿದವುಗಳ ಕಥೆ ಮುಗಿದಿದೆ. ಅದು ಕಾಯ್ತಾ ಕೂತಿದೆ. ನೋಡಿದ್ರೆ ಎದೆ ಝಲ್ಲನ್ನುತ್ತೆ."

ಅವಳ ಎದೆಯೂ ಝಲ್ಲೆನ್ನುತ್ತಿತ್ತು. ಆದರೂ ಒಳಗಿಡಲಿಲ್ಲ.

ಅಂಗಡಿ ಮುಚ್ಚಿದ ಮೇಲೆ ಅವನು ದಿನಾ ಬಂದು ಆ ಖಾಲಿ ಕುರ್ಚಿಯ ಎದುರು ಕೂರುತ್ತಿದ್ದ. ಅವಳು ಅತ್ತಿತ್ತ ಸುಳಿಯುತ್ತ ಏನಾದರೊಂದು ನೆಪದಲ್ಲಿ ಅಲ್ಲೇ ಬಂದು ನಿಲ್ಲುತ್ತಿದ್ದಳು.

"ಕೂತ್ಕೊಳ್ಳಿ."

"ಕೆಲಸ ಇದೆ."

"ಧೂಳಿಲ್ಲದ ಜಾಗದಲ್ಲಿ ಧೂಳು ಒರೆಸೋದೇ?" ಅವನು ಕಣ್ಣಲ್ಲೇ ಕೆಣಕಿದ. "ಬಡಾವಣೆಯವರ ಕುರ್ಚಿ ಎಲ್ಲಾ ಇಲ್ಲಿವೆ. ನಿಮ್ಮದು ಯಾವುದು?"

ಯಾರೂ ಕೇಳಿರದ ಪ್ರಶ್ನೆ. ಅಪ್ಪನ ಹಾಸಿಗೆ ಪಕ್ಕ ವರ್ಷಗಟ್ಟಲೆ ಕೂತದ್ದನ್ನು, ಅಪ್ಪ ಹೋದ ದಿನವೇ ಕುರ್ಚಿಯನ್ನು ಬೀದಿಗೆಸೆದದ್ದನ್ನು, ಇನ್ನು ಯಾರ ಪಕ್ಕವೂ ಹಾಗೆ ಕೂರಲಾರೆನೆಂದು ನಿಶ್ಚಯಿಸಿದ್ದನ್ನು ಅವಳು ನಿಂತೇ ಹೇಳಿದಳು. ಊರಿಗೆಲ್ಲ ಆರೈಕೆಯ ಕುರ್ಚಿ ಹಾಕಿಸಿದವಳು ತಾನು ಮಾತ್ರ ನಿಂತೇ ಇದ್ದಳು.

ಅವನು ಸಮಾಧಾನದ ಮಾತಾಡಲಿಲ್ಲ. "ನಿಮ್ಮ ಕನ್ನಡಕ ಜಾರ್ತಿದೆ. ಮೂಗಿನ ತಪ್ಪಲ್ಲ, ಕೊಡಿ," ಎಂದು ಅವನೇ ಎದ್ದು ತೆಗೆದ. ಕಿವಿಯ ಹಿಂದೆ ಅವನ ಬೆರಳು ತಾಕಿ ಅವಳ ಕೆನ್ನೆ ಬಿಸಿಯಾಯಿತು. ಕನ್ನಡಕ ಬಿಗಿಮಾಡುವಾಗ ಪುಟ್ಟ ತಿರುಪು ಕೈಜಾರಿ ಟಣ್ಣೆಂದಿತು. ಅವನ ಎಡಗಾಲ ಹತ್ತಿರವೇ ಅದು ಹೊಳೆಯುವುದು ಕನ್ನಡಕವಿಲ್ಲದ ಅವಳಿಗೂ ಕಾಣುತ್ತಿತ್ತು. ಅವನು ಬಲಗಡೆ ತಡಕಾಡುತ್ತಿದ್ದ.

"ಎಡಕ್ಕಿದೆ," ಎಂದಳು ಮೆಲ್ಲಗೆ.

"ನನ್ನ ಕಣ್ಣಿಗೆ ಎಡಗಡೆ ಈಚೀಚೆಗೆ ಏನೂ ಇರೋದಿಲ್ಲ," ಎಂದು ನಕ್ಕ.

ಅವನ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ. ಅದರ ಬೆನ್ನಿಗೇ ಹೆದರಿಕೆಯೂ ಬಂತು.

ಕೊನೆಯ ದಿನ ಎಲ್ಲರೂ ಬಂದು ತಮ್ಮ ತಮ್ಮ ಕುರ್ಚಿ ಹೊತ್ತುಕೊಂಡು ಹೋದರು. ಗೋದಾಮು ಬರಿದಾಗುತ್ತ ಬಂದು ಅದೊಂದೇ ಉಳಿಯಿತು. ಅವಳು ಎಷ್ಟು ಸಲ ಕರೆ ಮಾಡಿದರೂ ಅವನ ಫೋನು ಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಕಡೆಗೆ ದೊಡ್ಡಮ್ಮ ಏದುಸಿರು ಬಿಡುತ್ತ ವಾಪಸ್ ಬಂದಳು. "ಅಂಗಡೀಲೇ ಬಿದ್ದುಬಿಟ್ನಂತೆ. ಇವತ್ತೇ ಆಪರೇಷನ್ ಮಾಡ್ತಾರಂತೆ. ನಾನು ಆವತ್ತೇ ಹೇಳಿದೆ, ಆ ಕುರ್ಚಿ..."

"ಸುಮ್ನಿರಿ ದೊಡ್ಡಮ್ಮ," ಎಂದವಳೇ ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಸ್ಪತ್ರೆಗೆ ಓಡಿದಳು.

ತಲೆ ಬೋಳಿಸಿ ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಅವಳು ಎಡಗಡೆ ನಿಂತಳು. ಅವನಿಗೆ ಕಾಣಲಿಲ್ಲ. ಸುತ್ತಿ ಬಲಕ್ಕೆ ಬಂದು, ಕುರ್ಚಿ ಬಿಡಿಸಿ, ಪ್ಲಾಸ್ಟಿಕ್ಕನ್ನು ಪರ್ರನೆ ಹರಿದು ಕೂತಳು.

"ನಿಯಮ ಮುರಿದ್ರಿ," ಎಂದ. ನಾಲಿಗೆ ತೊದಲುತ್ತಿತ್ತು. "ನಾನೇ ಬಂದು ಒಯ್ಯಬೇಕಿತ್ತು."

"ಈಗ್ಲೂ ನೀವೇ ಒಯ್ಯಬೇಕು. ನೀವು ಬಂದು ಕೇಳೋವರೆಗೆ ನಾನು ಏಳಲ್ಲ."

"ಬರದಿದ್ರೆ?"

ಅವಳು ಅವನ ಕೈ ಹಿಡಿದುಕೊಂಡಳು. "ನಂಗೆ ನೀವು ಬೇಕು," ಎಂದಳು, ಅಷ್ಟೇ.

"ಒಳ್ಳೇ ಟೈಮ್ ನೋಡಿ ಹೇಳಿದ್ರಿ," ಎಂದ. ಅವನ ಕಣ್ಣು ತುಂಬಿತ್ತು. ಸ್ಟ್ರೆಚರ್ ಉರುಳಿತು. ಹಿಡಿದ ಕೈ ಬೆರಳು ಬೆರಳಾಗಿ ಬಿಟ್ಟುಹೋಯಿತು. ಬಾಗಿಲು ಮುಚ್ಚಿಕೊಂಡಿತು.

"ನೀವು ಅವರಿಗೆ ಏನಾಗಬೇಕು?" ನರ್ಸ್ ಕೇಳಿದಳು.

"ಪಕ್ಕ ಕೂರೋಳು."

ಕುರ್ಚಿಯನ್ನು ಬಾಗಿಲ ಹೊರಗೆ ಎಳೆದುಕೊಂಡು ಕೂತಳು. ಕಾರಿಡಾರಿನ ಆ ತುದಿಯಲ್ಲಿ ಟಕ್ ಟಕ್ ಸದ್ದಾಯಿತು. ದೊಡ್ಡಮ್ಮ, ಕೈಯಲ್ಲಿ ಆ ಕುಂಟು ಸ್ಟೂಲು. ಹಿಂದೆ ಬೆತ್ತದ ಕುರ್ಚಿಯವರು, ಅವರ ಹಿಂದೆ ಇನ್ನೂ ಯಾರೋ. ಗೋಡೆಯುದ್ದಕ್ಕೂ ಕುರ್ಚಿಗಳನ್ನು ಪ್ರದರ್ಶನದಲ್ಲಿದ್ದ ಅದೇ ಸಾಲಿನಲ್ಲಿ ಇಟ್ಟು ಅವಳ ಪಕ್ಕ ಕೂತರು.

ಬಾಗಿಲು ಇನ್ನೂ ಮುಚ್ಚಿಯೇ ಇತ್ತು.