ಅರ್ಧ ನೀಲಿ ಬಾಗಿಲು

ಅವನ ಬೆನ್ನ ಹಿಂದೆ ಕಾಣುತ್ತಿದ್ದದ್ದು ಅವಳ ರೂಮು.

ಮೊದಲು ಅವಳಿಗೆ ನಗು ಬಂತು. ಲ್ಯಾಪ್‌ಟಾಪಿನಲ್ಲಿ ಕೂತಿದ್ದವನು ಅವತ್ತಿನವರೆಗೂ ಮುಖವೇ ನೋಡಿರದ ಸಹೋದ್ಯೋಗಿ. ಹಸಿರು ಗೋಡೆ ಯಾರ ಮನೆಯಲ್ಲಾದರೂ ಇರಬಹುದು, ಬಿಡಿ. ಆದರೆ ಕೆಳಗರ್ಧ ನೀಲಿ, ಮೇಲರ್ಧ ಬಿಳಿ, ನಡುವೆ ಸೊಟ್ಟ ಗೆರೆ, ಪಕ್ಕದಲ್ಲೊಂದು ಕುಳ್ಳ ಸ್ಟೂಲು! ಬಣ್ಣ ಸಾಲದೆ ಅರ್ಧಕ್ಕೇ ಕೈಬಿಟ್ಟ ಅಂಥ ಬಾಗಿಲು ಊರಿಗೆಲ್ಲ ಒಂದೇ ಇದ್ದೀತು. ಆ ಒಂದು ಪರದೆಯಲ್ಲೂ ಇತ್ತು, ತಲೆ ಎತ್ತಿದರೆ ಅವಳ ಎದುರಿಗೂ ಇತ್ತು, ಆ ಸ್ಟೂಲಿನ ಸಮೇತ.

ನಗು ಗಂಟಲಲ್ಲೇ ಇಂಗಿತು.

"ಯಾಕೆ ಮೇಡಂ, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ?" ಅಂದ.

"ಅಯ್ಯೋ, ಇಲ್ಲ. ಬಾಗಿಲು ಚೆನ್ನಾಗಿದೆ ಅಂತ..."

"ಅಮ್ಮ ಬಳಿದದ್ದು. ಈಗ ಅವಳು ಟೀ ತರೋ ಹೊತ್ತು."

ಅವಳು ಎದುರಿನ ಬಾಗಿಲನ್ನೇ ನೋಡಿದಳು. ಆಚೆ ಯಾರೂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆ ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ.

ಫ್ರಿಜ್ಜು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಕೊಂಡಾಗ ಡಬ್ಬದಲ್ಲಿ ಒಂದು ಪುಟ್ಟ ಪುಸ್ತಕ ಬರುತ್ತದಲ್ಲ, ಯಾರೂ ಓದದೆ ಮೂಲೆಗೆಸೆಯುವಂಥದ್ದು, ಅದನ್ನು ಬರೆಯುವುದು ಅವಳ ಕೆಲಸ. ಅದರಲ್ಲಿ ಗುಂಡಿ ಒತ್ತುವ, ಮುಚ್ಚಳ ತಿರುಗಿಸುವ ಕೈಗಳ ಚಿತ್ರ ಬರೆಯುವುದು ಅವನ ಕೆಲಸ. ಕಂಪನಿಗೆ ಆಫೀಸೇ ಇಲ್ಲ, ಎಲ್ಲರೂ ಅವರವರ ಮನೆಯಲ್ಲೇ. ಜನ ಒಂಟಿಯಾಗಿ ಕೂತು ಮಂಕಾಗಬಾರದು ಅಂತ ಎಚ್‌ಆರ್ ಮೇಡಂ 'ಜೋಡಿ ಟೀ' ಶುರು ಮಾಡಿದ್ದರು. ವಾರಕ್ಕೊಮ್ಮೆ ಚೀಟಿ ಎತ್ತಿ ಇಬ್ಬಿಬ್ಬರನ್ನು ಜೋಡಿ ಮಾಡುವುದು, ಅವರು ಟೀ ಕುಡಿಯುತ್ತಾ ಕೆಲಸ ಬಿಟ್ಟು ಬೇರೇನಾದರೂ ಹರಟುವುದು. ಅವಳಿಗೆ ಈ ಮನೆ ಹುಡುಕಿಕೊಟ್ಟವರೂ ಅವರೇ. "ನಮ್ಮವರೊಬ್ಬರು ಖಾಲಿ ಮಾಡಿದ ಮನೆ, ನೆಟ್ ಚೆನ್ನಾಗಿ ಬರುತ್ತೆ" ಅಂದಿದ್ದರು.

ನೆಟ್ ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಇದ್ದದ್ದು ಬಾಗಿಲಿನದ್ದು. ದಿನಾ ಟೀ ಹೊತ್ತಿಗೆ ಆಚೆಯಿಂದ ಯಾರೋ ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟಿದ ಹಾಗೆ, ಟಕ್ ಟಕ್. ತೆಗೆದರೆ ಯಾರೂ ಇಲ್ಲ. ಮರ ಬಿರಿಯುತ್ತದೆ ಅಂದುಕೊಂಡಳು, ಇಲಿ ಅಂದುಕೊಂಡಳು. ಕೊನೆಗೆ ಬಾಗಿಲಿಗೆ ಬೆನ್ನು ಹಾಕಿ ಕೂರಲು ಧೈರ್ಯ ಸಾಲದೆ ಮೇಜನ್ನೇ ತಿರುಗಿಸಿ ಹಾಕಿಕೊಂಡಿದ್ದಳು.

ಈಗ ನೋಡಿದರೆ ಆ ಬಾಗಿಲಿಗೆ ಬೆನ್ನು ಹಾಕಿ ಒಬ್ಬ ಆರಾಮಾಗಿ ಕೂತಿದ್ದಾನೆ!

ನೇರವಾಗಿ ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಯಾಕೆಂದರೆ ಅವನು ನಕ್ಕಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಇನ್ನೊಂದು ಸಲ ನೋಡಬೇಕೆನಿಸಿತು, ಅಷ್ಟೇ.

ಮುಂದಿನ ವಾರವೂ ಅವನೇ ಜೋಡಿ. ಅದರ ಮುಂದಿನ ವಾರವೂ. "ಇದೇನು ಮೇಡಂ, ಚೀಟಿ ಎತ್ತೋದು ನಿಜವಾ?" ಅಂತ ಫೋನಿನಲ್ಲಿ ಕೇಳಿದರೆ ಎಚ್‌ಆರ್ ಮೇಡಂ, "ಚೀಟಿ ಅಂದ್ಮೇಲೆ ಚೀಟಿ ಕಣಮ್ಮ, ನನ್ನ ಕೈಲಿ ಏನಿದೆ!" ಅಂತ ಕಿಸಕ್ಕೆಂದರು.

ಅವನು ಅವಳನ್ನು 'ಎಚ್ಚರಿಕೆ ಮೇಡಂ' ಅಂತ ಕರೆಯತೊಡಗಿದ. "ಒದ್ದೆ ಕೈಯಲ್ಲಿ ಮುಟ್ಟಬೇಡಿ, ಬಿಸಿ ಇರುವಾಗ ತೆರೆಯಬೇಡಿ, ಮಕ್ಕಳಿಂದ ದೂರವಿಡಿ. ಇಷ್ಟೆಲ್ಲ ಹೆದರಿಸಿದ್ರೆ ಯಾರು ಮಿಕ್ಸಿ ಹತ್ರ ಬರ್ತಾರೆ ಹೇಳಿ?"

"ಹತ್ರ ಬರೋರಿಗೇ ಅಲ್ವಾ ಎಚ್ಚರಿಕೆ ಹೇಳೋದು?"

ಅವನು ಟೀ ಲೋಟದ ಅಂಚಿನ ಮೇಲಿಂದ ಅವಳನ್ನೇ ನೋಡಿದ. ಅವಳು ಸುಮ್ಮನೆ ಕ್ಯಾಮೆರಾ ಸರಿಮಾಡಿದಳು, ಸರಿಯಾಗೇ ಇದ್ದದ್ದನ್ನು.

ಆದರೆ ಒಂದು ವಿಚಿತ್ರ. ಮಾತು ಚೆನ್ನಾಗಿ ಕುದುರುತ್ತಿರುವಾಗಲೇ ಅವನು ಏನೋ ನೆನಪಾದವನ ಹಾಗೆ "ಸರಿ ಮೇಡಂ, ಬರ್ಲಾ" ಅಂತ ಮಾಯವಾಗಿಬಿಡುತ್ತಿದ್ದ. ಆಮೇಲೆ ಈ ಕಡೆ, ಅವಳ ಬಾಗಿಲ ಮೇಲೆ, ಟಕ್ ಟಕ್.

ಈ ಮನೆ ಖಾಲಿ ಮಾಡಿದವರು ಅಂದರೆ ಹೇಗೆ ಖಾಲಿ ಮಾಡಿದರು? ಅವನು ಬದುಕಿರುವ ಮನುಷ್ಯನೇ ಅಲ್ಲದಿದ್ದರೆ? ಥೂ, ಎಂಥ ಹುಚ್ಚು ಯೋಚನೆ ಅಂತ ತನಗೆ ತಾನೇ ಬೈದುಕೊಂಡಳು. ಆದರೂ ಕೇಳಲು ಬಾಯಿ ಬರಲಿಲ್ಲ. ಕೇಳಿದ ಕೂಡಲೇ ಅವನು ಆ ಪರದೆಯಿಂದ ಅಳಿಸಿಹೋದರೆ? ಹೆದರಿಕೆಗಿಂತ ಆ ಸಂಕಟವೇ ಜಾಸ್ತಿಯಾಗಿತ್ತು.

ಅಷ್ಟರಲ್ಲಿ ಕಂಪನಿ ಹೊಸ ನಿಯಮ ತಂದಿತು. ಸೋಮವಾರದಿಂದ ಯಾರೂ ಬೆನ್ನ ಹಿಂದೆ ಸುಳ್ಳು ಚಿತ್ರ ಹಾಕಬಾರದು. ನಿಜವಾದ ಮುಖ, ನಿಜವಾದ ಮನೆ. ಆಗಲೇ ಒಬ್ಬರಿಗೊಬ್ಬರು ಹತ್ತಿರವಾಗುವುದಂತೆ.

ಆ ವಾರದ ಜೋಡಿ ಟೀಗೆ ಬಂದವನ ಮುಖ ಬಾಡಿತ್ತು. "ನಾನು ಕೆಲಸ ಬಿಡ್ತಿದೀನಿ" ಅಂದ.

"ಏನು? ಯಾಕೆ?"

ಅವನು ಹೇಳಲು ತಡಕಾಡಿದ. ತಡಕಾಡುತ್ತಾ ಎದ್ದುಹೋಗುವ ಹೊತ್ತು ಮೀರಿದ್ದು ಅವನ ಗಮನಕ್ಕೆ ಬರಲಿಲ್ಲ. ಅವನ ಹಿಂದೆ ಅರ್ಧ ನೀಲಿ ಬಾಗಿಲು ನಿಧಾನವಾಗಿ ತೆರೆದುಕೊಂಡಿತು. ಒಂದು ಕೈ ಒಳಗೆ ಬಂತು. ಕೈ ಮಾತ್ರ. ಮರೂನ್ ಸ್ವೆಟರಿನ ತೋಳು, ಬೆರಳಿಗೆ ಬ್ಯಾಂಡೇಜು, ಸೊಟ್ಟ ಕಿರುಬೆರಳು. ಸ್ಟೂಲಿನ ಮೇಲೆ ಲೋಟ ಇಟ್ಟಿತು.

ಅದೇ ಗಳಿಗೆಗೆ ಅವಳ ಎದುರಿನ ಬಾಗಿಲ ಮೇಲೆ, ಟಕ್ ಟಕ್.

ಅವಳು ಕಿಟಾರನೆ ಕಿರುಚಿದಳು. ಆ ಕೈ ಅವಳಿಗೆ ಗೊತ್ತಿತ್ತು! ಅವನು ಬರೆದ ಚಿತ್ರಗಳಲ್ಲೆಲ್ಲ ಗುಂಡಿ ಒತ್ತುತ್ತಿದ್ದದ್ದು ಅದೇ ಕೈ, ಅದೇ ಸೊಟ್ಟ ಕಿರುಬೆರಳು.

"ಯಾರು ನೀವು?" ಅಳುವೇ ಬಂದುಬಿಟ್ಟಿತು. "ನನ್ನ ಮನೇಲಿ ಯಾಕೆ ಕೂತಿದೀರಿ?"

ಲ್ಯಾಪ್‌ಟಾಪನ್ನೇ ಎತ್ತಿ ಬಾಗಿಲಿನ ಕಡೆ ತಿರುಗಿಸಿದಳು. ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು.

ಆಮೇಲೆ ಅವನು ಹಿಂದಿನ ಚಿತ್ರ ತೆಗೆದ. ರೂಮು ಮಾಯವಾಯಿತು. ಅವನು ಕೂತಿದ್ದದ್ದು ಒಂದು ಇಕ್ಕಟ್ಟಿನ ಓಣಿಯಲ್ಲಿ, ಒಂದು ಕಡೆ ವಾಷಿಂಗ್ ಮೆಷಿನ್, ಇನ್ನೊಂದು ಕಡೆ ಚಪ್ಪಲಿಗಳ ರಾಶಿ. "ಅಕ್ಕನ ಮನೆ" ಅಂದ. "ಭಾವ ಒಳ್ಳೆಯವರು, ಜಾಗ ಮಾತ್ರ ಇಲ್ಲ. ಸೋಮವಾರದಿಂದ ಇದನ್ನ ಎಲ್ರಿಗೂ ತೋರಿಸ್ಕೊಂಡು ಹೇಗೆ ಕೂರ್ಲಿ? ಅಮ್ಮ ಹೋದ್ಮೇಲೆ ಆ ಮನೇಲಿ ಇರಕ್ಕಾಗಲಿಲ್ಲ. ಬೆನ್ನ ಹಿಂದೆ ಹಾಕ್ಕೋತಿದ್ದದ್ದು ಆ ರೂಮಿನ ಹಳೇ ವೀಡಿಯೊ. ರೂಮು ಖಾಲಿ ಇದ್ದಾಗ ಸುಮ್ಮನೆ ತೆಗೆದದ್ದು. ನಾನು ಮೀಟಿಂಗ್‌ನಲ್ಲಿದೀನಿ ಅಂತ ತಿಳ್ಕೊಂಡು ಅಮ್ಮ ಟೀ ಇಟ್ಟು ಹೋಗಿದಾಳೆ. ಯಾವತ್ತೂ ಒಳಗೆ ಬರ್ತಿರಲಿಲ್ಲ. 'ತಲೆ ಬಾಚಿಲ್ಲ ಕಣೋ, ನಿನ್ನ ಆಫೀಸಿನವರು ನೋಡಿದ್ರೆ?' ಅನ್ನೋಳು. ತಟ್ಟೋದು, ಕೈ ಚಾಚೋದು, ಹೋಗೋದು. ಅದಕ್ಕೇ ನನ್ನ ಹತ್ರ ಇರೋದು ಅವಳ ಕೈ ಮಾತ್ರ."

ಅವಳು ಕಣ್ಣೊರೆಸಿಕೊಂಡಳು. "ಇನ್ನೂ ತಟ್ತಾರೆ" ಅಂದಳು.

"ಏನು?"

"ದಿನಾ. ಈ ಹೊತ್ತಿಗೆ. ಸೋಮವಾರ ಬನ್ನಿ. ನಿಜವಾದ ಮನೆ ಬೇಕಂತಲ್ಲ ಕಂಪನಿಗೆ, ನಿಮ್ಮದು ಇಲ್ಲೇ ಇದೆ."

ಆ ಕರೆ ಮುಗಿಸಿದವಳೇ ಎಚ್‌ಆರ್ ಮೇಡಂಗೆ ಫೋನ್ ಮಾಡಿದಳು, ಅವರ ಹತ್ತಿರ ಯಾರೂ ಅಷ್ಟು ಜೋರಾಗಿ ಮಾತಾಡಿರಲಿಕ್ಕಿಲ್ಲ. "ಮನೆ ತೋರ್ಸಿ ಅನ್ನೋ ಮೊದಲು, ಕೂರೋಕೆ ಜಾಗ ಇದೆಯಾ ಅಂತ ಕೇಳಿದ್ರಾ ಮೇಡಂ?"

ಸೋಮವಾರ ಅವನು ಬಂದ. ಬಾಗಿಲು ತೆರೆದವಳೇ ಅವನ ಮೊಣಕೈ ಮೇಲೆ ಬೆರಳೊತ್ತಿ ನೋಡಿದಳು. ಬೆಚ್ಚಗಿತ್ತು.

"ಜ್ವರ ನೋಡ್ತಿದೀರಾ?"

"ಇಲ್ಲ. ಇದೀರಾ ಅಂತ ನೋಡಿದೆ."

ಅವನು ನಕ್ಕ. ಎಡಗಣ್ಣು ಮೊದಲು ಮುಚ್ಚಿತು. ಅವಳು ನಿಂತಲ್ಲೇ ಸೋತುಹೋದಳು.

ಟೀ ಹೊತ್ತಿಗೆ ಎಲ್ಲರ ಮೀಟಿಂಗು. ಮೇಜನ್ನು ಮೊದಲಿದ್ದ ಹಾಗೇ ತಿರುಗಿಸಿ ಅವನು ಬಾಗಿಲಿಗೆ ಬೆನ್ನು ಹಾಕಿ ಕೂತ. ಅವಳು ತನ್ನ ಲ್ಯಾಪ್‌ಟಾಪ್ ಹಿಡಿದು ಅಡುಗೆಮನೆಗೆ ಹೋದಳು. ಎಚ್‌ಆರ್ ಮೇಡಂ ಮೊದಲ ಮಾತಿಗೇ ಕ್ಷಮೆ ಕೇಳಿದರು. "ನಿಮ್ಮನ್ನು ಕೇಳದೆ ನಿಯಮ ಮಾಡಿದ್ದು ನಮ್ಮ ತಪ್ಪು. ಮನೆ ತೋರಿಸೋಕೆ ಇಷ್ಟ ಇಲ್ಲದವರು ಕ್ಯಾಮೆರಾ ಆಫ್ ಮಾಡಿ. ಕೂರೋಕೆ ಜಾಗ ಇಲ್ಲದವರು ನನಗೆ ಹೇಳಿ, ಏನಾದ್ರೂ ಏರ್ಪಾಡು ಮಾಡೋಣ."

ಒಬ್ಬೊಬ್ಬರದೇ ಚೌಕ ಕಪ್ಪಾಯಿತು. ಅವನದು ಆಗಲಿಲ್ಲ.

ಟಕ್ ಟಕ್.

ಅವಳು ಅಡುಗೆಮನೆಯಲ್ಲಿ ಕೂತಲ್ಲೇ ಕೂತಿದ್ದಳು, ಅವಳ ಮುಖ ಎಲ್ಲರಿಗೂ ಕಾಣುತ್ತಿತ್ತು. ತಟ್ಟಿದ್ದು ಅವಳಲ್ಲ.

ಪರದೆಯಲ್ಲಿ ಅವನ ಬೆನ್ನು ನೆಟ್ಟಗಾಯಿತು. ಹಿಂದೆ ಬಾಗಿಲು ಒಂದಿಷ್ಟೇ ಸರಿಯಿತು. ಅವಳಿಗೆ ಕಂಡದ್ದು ಕತ್ತಲೆ ಅಷ್ಟೇ. ಎಚ್‌ಆರ್ ಮೇಡಂ ಮಾತ್ರ ನಗುತ್ತಾ, "ಬಾಗಿಲಲ್ಲಿ ನಿಂತಿದ್ದಾರಲ್ಲ, ಸ್ವೆಟರ್ ಹಾಕ್ಕೊಂಡು, ಅವರನ್ನೂ ಕರೀರಿ ಸರ್. ಪಾಪ, ಯಾಕಷ್ಟು ಸಂಕೋಚ! ನಮ್ಮೆದುರು ಎಲ್ಲ ನಡೆಯುತ್ತೆ ಅನ್ನಿ" ಅಂದರು.

ಅವಳು ಕುರ್ಚಿ ತಳ್ಳಿ ಎದ್ದಳು.

ಅವನು ಹೆಡ್‌ಫೋನ್ ತೆಗೆದಿಟ್ಟ. ಕ್ಯಾಮೆರಾಗೆ ಬೆನ್ನು ಮಾಡಿ ಎದ್ದು ನಿಂತ. "ಬಾರಮ್ಮ ಒಳಗೆ" ಅಂದ. "ನೋಡಿದ್ರೆ ನೋಡ್ಲಿ. ತಲೆ ಬಾಚದಿದ್ರೂ ಪರವಾಗಿಲ್ಲ."

ಬಾಗಿಲು ಪೂರ್ತಿ ತೆರೆದುಕೊಂಡಿತು.

ಅವಳು ಓಡಿಬಂದಾಗ ಅಲ್ಲಿ ಅವನೊಬ್ಬನೇ ಇದ್ದ, ಸ್ಟೂಲಿನ ಪಕ್ಕ ಮಂಡಿಯೂರಿ. ಸ್ಟೂಲಿನ ಮೇಲೆ ಲೋಟವಿರಲಿಲ್ಲ. ಬಿಸಿ ಲೋಟ ಇಟ್ಟು ಎತ್ತಿದರೆ ಉಳಿಯುವ ಒದ್ದೆ ಬಳೆಯಂಥ ಗುರುತಿತ್ತು. ಮುಟ್ಟಿದಳು. ಇನ್ನೂ ಬೆಚ್ಚಗಿತ್ತು.

"ಒಳಗೆ ಬಂದಳು" ಅಂದ. ಅಳುತ್ತಿದ್ದ, ನಗುತ್ತಲೂ ಇದ್ದ. "ಇನ್ನು ತಟ್ಟಲ್ಲ ಅನ್ಸುತ್ತೆ."

ಅವಳಿಗೂ ಹಾಗೇ ಅನ್ನಿಸಿತು. ಇಷ್ಟು ದಿನ ಹೆದರಿಸಿದ ಆ ಸದ್ದು ಇನ್ನಿಲ್ಲ ಅಂದಾಗ ಬೇಜಾರೇ ಆಯಿತು. ಅವನ ಪಕ್ಕ ಕೂತಳು.

"ಇನ್ಮೇಲೆ ನಾನು ತಟ್ತೀನಿ" ಅಂದಳು. "ನೀವು ಇರೋದಾದ್ರೆ. ಆದ್ರೆ ಒಂದು ಎಚ್ಚರಿಕೆ."

"ಹೇಳಿ ಮೇಡಂ."

"ನಾನು ಕೈ ಮಾತ್ರ ತೋರಿಸಿ ಹೋಗೋಳಲ್ಲ."

ಅವನು ಅವಳ ಕೈ ಹಿಡಿದು, ಬೆರಳೊಂದೊಂದನ್ನೂ ಬಿಡಿಸಿ, ಬಹಳ ಹೊತ್ತು ನೋಡಿದ. ಮುಂದಿನ ವಾರ ಅವನು ಕಳಿಸಿದ ಇಸ್ತ್ರಿಪೆಟ್ಟಿಗೆಯ ಚಿತ್ರದಲ್ಲಿ ಕೈ ಬೇರೆಯಾಗಿತ್ತು. ಕಿರುಬೆರಳು ನೆಟ್ಟಗಿತ್ತು, ಹೆಬ್ಬೆರಳ ಬುಡದಲ್ಲಿ ಅವಳ ಮಚ್ಚೆಯಿತ್ತು.